ಈರಣ್ಣನ ಎಡೆಗೆ ಗಿಣ್ಣ

ಹಿರಿಯರ ಅಮಾವಾಸ್ಯೆ ಇನ್ನೂ ದೂರ ಇತ್ತು. ಆದರೂ ನಮ್ಮ ಮನೆಯಲ್ಲಿ ಆಗಲೇ ಅದರ ಜಗಳ ಶುರುವಾಗಿತ್ತು. ಅತ್ತಿಗೆ ಶಾಂತಕ್ಕ ರೊಟ್ಟಿ ಬಡಿಯುತ್ತಿದ್ದಳು, ಸೊಸೆ ನಾಗಜ್ಯೋತಿ ಹಂಚಿನ ಮುಂದೆ ಕೂತು ಬೇಯಿಸುತ್ತಿದ್ದಳು. ಅತ್ತಿಗೆಗೆ ಸಿಟ್ಟು ಬಂದಷ್ಟೂ ರೊಟ್ಟಿ ತೆಳ್ಳಗಾಗುತ್ತದೆ. ಅವತ್ತು ಹಂಚಿಗೆ ಹಾಕುವ ಮೊದಲೇ ಹರಿಯುವಷ್ಟು ತೆಳ್ಳಗಾಗಿತ್ತು.

"ಗಂಡುಮಗ ಇದ್ದೂ ಎಡಿ ಯಾರು ಇಡಬೇಕು? ಓಣ್ಯಾಗಿನ ಮಂದಿ ಇಡಬೇಕೇನು?" ಎಂದಳು ಅತ್ತಿಗೆ.

"ಅವರು ಬರ್ಲಿ, ಇಡ್ಲಿ. ನಾನೇನು ಬ್ಯಾಡ ಅಂದೀನಾ ಅತ್ತಮ್ಮ? ಗ್ಲಾಸು ಬ್ಯಾಡ ಅಂದೀನಿ."

"ಗ್ಲಾಸಿಲ್ಲದ ಎಡಿಗೆ ನಿಮ್ಮ ಮಾವ ಬರ್ತಾನೇನು?"

"ಗ್ಲಾಸಿದ್ದಲ್ಲಿಗೇ ಹೋಗಿ ಹೋಗಿ ತೀರಿಕ್ಯಂಡ ಮನಿಷಿ ಆಯನ. ಒಂದು ವರ್ಷ ಗ್ಲಾಸಿಲ್ಲದಲ್ಲಿಗೂ ಬಂದು ನೋಡ್ಲಿ." ನಾಗಜ್ಯೋತಿ ಮದ್ದಿಕೇರದವಳು. ಸಿಟ್ಟು ಬಂದರೆ ಅರ್ಧ ತೆಲುಗು ಆಗುತ್ತಾಳೆ. ನನ್ನ ಕಡೆ ತಿರುಗಿ, "ಮಾವಾ, ಮೀರೇ ಚೆಪ್ಪಂಡಿ" ಅಂದಳು, ನೀವೇ ಹೇಳಿ ಅಂತ.

"ರೊಟ್ಟಿ ಸೀಯಾಕತ್ತೈತಿ ನೋಡವ್ವ" ಅಂದೆ ನಾನು.

ನಾನು ಈರಣ್ಣನ ತಮ್ಮ ಭೀಮಲಿಂಗಪ್ಪ. ಕುರಿಗಳ ಹಿಂದೆ ತಿರುಗುತ್ತ ಮದುವೆಯ ವಯಸ್ಸು ದಾಟಿಹೋಯಿತು. ಅಣ್ಣನ ಮನೆಯೇ ನನ್ನ ಮನೆ. ಹೊಳಗುಂದದಲ್ಲಿ ನಮ್ಮದು ಸಣ್ಣ ಸಂಸಾರ. ಅತ್ತಿಗೆ, ಸೊಸೆ, ಆದೋನಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುವ ಮೊಮ್ಮಗಳು ಸುಹಾಸಿನಿ, ನಾನು. ಅಣ್ಣನ ಮಗ ಹರೀಶ ಆಗ ಮನೆಯಲ್ಲಿ ಇರಲಿಲ್ಲ.

ಆ ಗ್ಲಾಸಿನ ವಿಷಯ ಹೇಳಬೇಕು. ಅಣ್ಣ ಕುಡಿತದಲ್ಲೇ ಹೋದವನು. ತೀರಿಕೊಂಡವರಿಗೆ ಏನು ಇಷ್ಟವೋ ಅದನ್ನು ಎಡೆಗೆ ಇಡುವುದು ನಮ್ಮಲ್ಲಿ ಪದ್ಧತಿ. ಹೋಳಿಗೆ, ವಡೆ, ಬೀಡಿಕಟ್ಟಿನ ಜೊತೆ ಒಂದು ಸಣ್ಣ ಗ್ಲಾಸಿನಲ್ಲಿ ಸೆರೆ. ಎಡೆ ಇಟ್ಟು, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಕೂರುತ್ತೇವೆ. ಹಿರಿಯರು ಉಂಡ ಮೇಲೆ ಬಾಗಿಲು ತೆಗೆದು, ಎಡೆ ಇಟ್ಟ ಮಗ ಎಲ್ಲದರಲ್ಲೂ ಒಂದೊಂದು ಚೂರು ಬಾಯಿಗೆ ಹಾಕಿಕೊಳ್ಳಬೇಕು. ಹರೀಶ ಮೊದಲ ವರ್ಷ ನಾಲಿಗೆ ಒದ್ದೆ ಮಾಡಿಕೊಂಡ. ಮುಂದಿನದು ಊರಿಗೆಲ್ಲ ಗೊತ್ತು. ಹತ್ತಿ ಲಾರಿ ಓಡಿಸುತ್ತಿದ್ದವನು ಲಾರಿ ಬಿಟ್ಟ, ಊಟ ಬಿಟ್ಟ, ಕೊನೆಗೆ ಆಸ್ಪತ್ರೆ ಸೇರಿದ. ಆ ಒಂದು ಗ್ಲಾಸಿನಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ನಾಗಜ್ಯೋತಿ ಹೇಳುತ್ತಾಳೆ.

ಆಸ್ಪತ್ರೆಯ ಡಾಕ್ಟರು ಒಂದು ಮಾತು ಹೇಳಿದ್ದರು. ಕುಡಿತ ಬಿಟ್ಟವನನ್ನು ಸೀದಾ ಊರಿಗೆ ಕರೆದುಕೊಂಡು ಹೋದರೆ ಹಳೆ ಗೆಳೆಯರು, ಹಳೆ ಅಂಗಡಿ, ಮತ್ತೆ ಅದೇ ಆಗುತ್ತದೆ. ಕೆಲವು ತಿಂಗಳು ಬಿಟ್ಟವರ ಜೊತೆಯಲ್ಲೇ ಇದ್ದು ಬದುಕುವುದನ್ನು ರೂಢಿ ಮಾಡಿಕೊಳ್ಳಲಿ ಅಂತ. ಹಾಗೆ ಅವನು ಆದೋನಿಯ ಪ್ರೇಮಾಬಾಯಿಯವರ ಮನೆ ಸೇರಿದ. ಆಕೆ ನರ್ಸು ಆಗಿದ್ದು ನಿವೃತ್ತಿಯಾದವರು, ವೈಷ್ಣವರು. ಅವರ ತಮ್ಮ ಕೃಷ್ಣಕಾಂತ ಕುಡಿತ ಬಿಟ್ಟು ಉಳಿದುಕೊಂಡ ಮೇಲೆ, ಇಬ್ಬರೂ ಸೇರಿ ಮನೆಯ ಕೋಣೆಗಳನ್ನು ಇಂಥವರಿಗೆ ಬಿಟ್ಟುಕೊಟ್ಟಿದ್ದರು.

ಮೊದಲ ಸಲ ಹೋದಾಗ ಅತ್ತಿಗೆ ಬಾಗಿಲಲ್ಲೇ ನಿಂತುಬಿಟ್ಟಳು. ಹರೀಶ ಸ್ನಾನ ಮಾಡಿ, ಒದ್ದೆ ತಲೆಯಲ್ಲಿ, ಸೊಂಟಕ್ಕೆ ಪಂಚೆ ಬಿಗಿದು ಬಾವಿಯಿಂದ ನೀರು ಸೇದುತ್ತಿದ್ದ.

"ಅಮ್ಮಾರ, ನನ್ನ ಮಗ ಮನ್ಯಾಗ ಒಂದು ತಂಬಿಗಿ ನೀರು ತುಂಬಿದವನಲ್ಲ."

"ಇಲ್ಲಿ ಹಂಡೆ ತುಂಬಸ್ತಾನವಾ. ಇವತ್ತು ಸಾರೂ ಅವಂದ. ಕೂತು ಉಂಡು ಹೋಗ್ರಿ" ಅಂದರು ಪ್ರೇಮಾಬಾಯಿ.

ಸಾರು ಚೆನ್ನಾಗಿತ್ತು. ಉಳ್ಳಾಗಡ್ಡಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಆದರೂ ಚೆನ್ನಾಗಿತ್ತು. ಬಡಿಸುವಾಗ ಹರೀಶ ನನ್ನ ಕಿವಿಯ ಹತ್ತಿರ ಬಗ್ಗಿದ. "ಕಾಕಾ, ಸೆರೆ ಬಿಟ್ಟೆ. ಬಳ್ಳೊಳ್ಳಿ ಬಿಡಾಕ ಆಗವಲ್ದು. ಮುಂದಿನ ಸಲ ಬರುವಾಗ ಬಳ್ಳೊಳ್ಳಿ ಖಾರ ತಾ."

"ಒಳಗ ಬಿಡ್ತಾರೇನು?"

"ಕೃಷ್ಣಕಾಂತಪ್ಪನೋರು ಬಾಗಲದಾಗ ಎಲ್ಲಾರ ಚೀಲ ನೋಡ್ತಾರ. ಅವರು ಹುಡುಕೋದು ಸೆರೇನ. ಬಳ್ಳೊಳ್ಳಿ ಆದ್ರ ಮೂಗು ಮುಚ್ಚಿಕ್ಯಂಡು ಬಿಡ್ತಾರ."

ಆ ಮನೆಯ ಕಟ್ಟಳೆ ಸರಳ. ಪಾಳಿಯ ಮೇಲೆ ಅಡುಗೆ, ಪಾಳಿಯ ಮೇಲೆ ಕಸ ಮುಸುರೆ. ಸಂಜೆ ಎಲ್ಲರೂ ನಡುಮನೆಯಲ್ಲಿ ಕೂತು ಅವತ್ತು ಯಾರಿಗೆ ಎಷ್ಟು ಆಸೆಯಾಯಿತು ಅಂತ ಬಾಯಿಬಿಟ್ಟು ಹೇಳಬೇಕು. ಒಂದು ಹನಿ ಕುಡಿದವನು ಗಂಟು ಕಟ್ಟಿ ಮನೆ ಬಿಡಬೇಕು. ಇತ್ತ ನಾಗಜ್ಯೋತಿಯೂ ತನ್ನ ಕಟ್ಟಳೆ ಹೇಳಿದ್ದಳು. ಅವರು ಇನ್ನೊಂದು ಸಲ ಬಾಯಿಗೆ ಹಚ್ಚಿದ್ದು ಗೊತ್ತಾದರೆ ಸುಹಾಸಿನಿಯನ್ನು ಕರೆದುಕೊಂಡು ಮದ್ದಿಕೇರಕ್ಕೆ ಹೋಗುತ್ತೇನೆ, ಯಾರು ಕರೆದರೂ ಬರುವುದಿಲ್ಲ. ಅಂದರೆ ಅಮಾವಾಸ್ಯೆಯ ದಿನ ಹರೀಶ ಗ್ಲಾಸು ಮುಟ್ಟಿದರೆ ಆದೋನಿಯ ಮನೆಯೂ ಹೋಯಿತು, ಹೊಳಗುಂದದ ಮನೆಯೂ ಹೋಯಿತು.

ಅತ್ತಿಗೆಗೆ ಇದು ತಿಳಿಯುತ್ತಿರಲಿಲ್ಲ ಅಂತಲ್ಲ. ಆದರೆ ಅವಳ ತಮ್ಮ ಕೊಟ್ರಬಸಪ್ಪ ದಿನಾ ಫೋನು ಮಾಡಿ ತಲೆ ತುಂಬುತ್ತಿದ್ದ. "ಅಕ್ಕಾ, ಗ್ಲಾಸಿಲ್ಲಂದ್ರ ಭಾವ ಹೊಸ್ತಲದಾಗ ನಿಂತು ಅಳ್ತಾನ. ನಾನು ಹೇಳೀನಿ, ಆಮ್ಯಾಲ ನಿನ್ನಿಷ್ಟ." ಗಂಡ ಅಳುವುದನ್ನು ಅತ್ತಿಗೆ ಬದುಕಿದ್ದಾಗ ಎಷ್ಟೋ ಸಲ ನೋಡಿದ್ದಳು. ಸತ್ತ ಮೇಲೂ ಅಳುತ್ತಾನೆ ಅಂದರೆ ಹೇಗೆ ತಡೆದಾಳು?

ಒಂದು ಭಾನುವಾರ ಅತ್ತಿಗೆ, ನಾನು ರೊಟ್ಟಿ ಬುಟ್ಟಿ ಹಿಡಿದುಕೊಂಡು ಹೋದೆವು. ಬಸ್ಸಿನಲ್ಲಿ ಅತ್ತಿಗೆ ಬಹಳ ಖುಷಿಯಾಗಿದ್ದಳು. ಯಾಕೆ ಅಂತ ನಾನು ಕೇಳಲಿಲ್ಲ. ಬಾಗಿಲಲ್ಲಿ ಕೃಷ್ಣಕಾಂತ ಬುಟ್ಟಿ ಇಳಿಸಿ ನೋಡಿದ. ರೊಟ್ಟಿ, ಪುಂಡಿಪಲ್ಯ, ಬೆಳ್ಳುಳ್ಳಿ ಖಾರ. ಅದರ ಕೆಳಗೆ ಹೊಸ ಖಣದಲ್ಲಿ ಸುತ್ತಿದ ಒಂದು ಬಾಟಲಿ. ಬಾಟಲಿಯ ಮೇಲೆ ಮೂರು ಬೆರಳು ವಿಭೂತಿ.

ಬಾಟಲಿ ಮುಚ್ಚಿಡುವ ಎಲ್ಲ ಉಪಾಯವನ್ನೂ ಒಂದು ಕಾಲದಲ್ಲಿ ತಾನೇ ಮಾಡಿದ್ದ ಮನುಷ್ಯ ಕೃಷ್ಣಕಾಂತ. ವಿಭೂತಿ ಹಚ್ಚಿದ ಬಾಟಲಿಯನ್ನು ಅವನೂ ಕಂಡಿರಲಿಲ್ಲ.

"ಏನಮ್ಮಾ ಇದು?"

"ಎಡಿದಪ್ಪ."

"ಯಾರಿಗೆ?"

"ನಮ್ಮ ಯಜಮಾನರಿಗೆ."

"ಅವರೆಲ್ಲಿ ಅದಾರ?"

"ಹೋಗಿಬಿಟ್ಟಾರ. ಭಾಳ ವರ್ಷಾತು."

ಕೃಷ್ಣಕಾಂತ ನನ್ನ ಮುಖ ನೋಡಿದ. ನಾನು ನನ್ನ ಚಪ್ಪಲಿ ನೋಡಿಕೊಂಡೆ.

ಅತ್ತಿಗೆ ಬಿಡಿಸಿ ಹೇಳಿದಳು. "ಮಗ ಬಲಗೈಲೆ ಮುಟ್ಟಿ ಕೊಟ್ರ ಸಾಕು. ನಾನೇ ಊರಿಗೆ ಒಯ್ದು ಎಡಿಗೆ ಇಡ್ತೀನಿ. ಅವ ಬರೂದೂ ಬ್ಯಾಡ, ಕುಡಿಯೂದೂ ಬ್ಯಾಡ. ಅವರಪ್ಪಗೂ ಮುಟ್ತು, ಸೊಸಿ ಮಾತೂ ನಡೀತು, ನಿಮ್ಮ ಮಾತೂ ನಡೀತು." ಇಷ್ಟು ಚೆಂದದ ದಾರಿ ಇವರಿಗೆ ಯಾರಿಗೂ ಹೊಳೆಯಲಿಲ್ಲವಲ್ಲ ಅನ್ನುವಂತೆ ಎಲ್ಲರ ಮುಖ ನೋಡಿದಳು.

ಅಷ್ಟರಲ್ಲಿ ಹರೀಶ ಒಳಗಿನಿಂದ ಬಂದ. ಬಾಟಲಿ ನೋಡಿ ಕಂಬ ಹಿಡಿದುಕೊಂಡು ನಿಂತ.

ಪ್ರೇಮಾಬಾಯಿ ಎಲ್ಲರನ್ನೂ ನಡುಮನೆಗೆ ಕರೆದು ಕೂರಿಸಿದರು. ಬಾಟಲಿಯನ್ನು ಕೃಷ್ಣಕಾಂತ ಹೊರಗಿನ ಕಟ್ಟೆಯ ಮೇಲೇ ಇಟ್ಟು ಬಂದ. "ಯಾರ ಸಲುವಾಗಿ ಅದು ಹೊಸ್ತಲಾ ದಾಟ್ತದೋ ಅವರು ಗಂಟು ಕಟ್ಟಬೇಕು. ಇದು ನೀವೆಲ್ಲಾ ಕೂತು ಮಾಡಿದ ಕಟ್ಟಳೆ. ಈಗ ಏನಂತೀರಿ?" ಅಂದರು ಪ್ರೇಮಾಬಾಯಿ.

"ನನ್ನ ಗಂಟು ಕಟ್ಟಿಸ್ರಿ ಅಮ್ಮಾರ. ತಂದಾಕಿ ನಾನು. ಅವಂದ್ಯಾಕ?" ಅಂದಳು ಅತ್ತಿಗೆ. ಅವಳ ಖುಷಿಯೆಲ್ಲ ಇಳಿದಿತ್ತು.

ಹರೀಶ ತಲೆ ತಗ್ಗಿಸಿಕೊಂಡೇ ಹೇಳಿದ. "ಅದನ್ನ ನೋಡಿದ ಕೂಡ್ಲೇ ನನಗ ಬಾಯಾಗ ನೀರು ಬಂತು. ಸುಳ್ಳು ಹೇಳಂಗಿಲ್ಲ. ಅವ್ವನ ಮ್ಯಾಲ ಸಿಟ್ಟು ಆಮ್ಯಾಲ ಬಂತು. ಮೊದ್ಲು ಬಂದದ್ದು ನೀರು."

ಅತ್ತಿಗೆ ಮಗನನ್ನು ನೋಡುತ್ತಲೇ ಇದ್ದಳು. ಮಗ ಕುಡಿಯುವುದು ಕೊಬ್ಬಿನಿಂದ, ಬಿಟ್ಟರೆ ಬಿಡಬಹುದು ಅಂತ ಅಲ್ಲಿಯತನಕ ತಿಳಿದಿದ್ದಳು. ಅವನು ಹೊರಗಿನ ಕಟ್ಟೆಗೆ ಬೆನ್ನು ಮಾಡಿ ತಿರುಗಿ ಕೂತ.

ನಾಗಲದಿನ್ನೆಯ ಶಿವ ಅನ್ನುವವನು, ಹೊಳೆಯಲ್ಲಿ ಮೀನು ಹಿಡಿಯುವವನು, ಗೋಡೆಗೆ ಒರಗಿ ಕೂತಿದ್ದ. "ನಮ್ಮವ್ವ ಜ್ವಾಳದ ಚೀಲದಾಗ ಮುಚ್ಚಿಟ್ಟು ನನಗ ಕೊಡ್ತಿದ್ಲು. ಈ ತಾಯಿ ಪಾಪ ವಿಭೂತಿ ಹಚ್ಚಿ ತಂದಾರ. ಅದೂ ಅಲ್ದ, ಹೊಸ್ತಲಾ ಎಲ್ಲಿ ದಾಟೈತಿ ಅಮ್ಮಾರ? ಬಾಗಲದಾಗೇ ಸಿಕ್ಕೈತಿ" ಅಂದ.

ಒಬ್ಬ ನಕ್ಕ. ಆಮೇಲೆ ಎಲ್ಲರೂ ನಕ್ಕರು. ಪ್ರೇಮಾಬಾಯಿ ಸೆರಗು ಬಾಯಿಗೆ ಹಿಡಿದುಕೊಂಡರು. ಕೊನೆಗೆ ಹೀಗೆ ತೀರ್ಮಾನ ಆಯಿತು: ಹರೀಶ ಇರಲಿ. ಅಮಾವಾಸ್ಯೆಗೆ ಊರಿಗೂ ಹೋಗಲಿ, ಅಪ್ಪನ ಎಡೆ ಬಿಡುವುದು ಬೇಡ. ಜೊತೆಗೆ ಕೃಷ್ಣಕಾಂತ ಹೋಗಬೇಕು, ಅವತ್ತೇ ವಾಪಸು ಬರಬೇಕು, ಎಡೆಯಲ್ಲಿ ಸೆರೆ ಇರಬಾರದು.

ಕೃಷ್ಣಕಾಂತ ಬಾಟಲಿಯನ್ನು ಹೊರಗಿನ ಮೋರಿಗೆ ಒಯ್ದು ಬಗ್ಗಿಸಿದ. ಆ ಸದ್ದು ನಿಲ್ಲುವ ತನಕ ಅತ್ತಿಗೆ ಗೋಡೆ ಕಡೆ ತಿರುಗಿ ಕೈ ಮುಗಿದುಕೊಂಡು ನಿಂತಿದ್ದಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು. "ಮತ್ತ ಅವ್ರಿಗೆ ನಾನೇನಿಡ್ಲಿ?"

"ನಿಮ್ಮ ಯಜಮಾನರು ಹುಟ್ಟಿದಾಗಿಂದ ಇದನ್ನ ಕುಡೀತಿದ್ರೇನವಾ? ಅದಕ್ಕೂ ಮೊದಲ ಏನರೆ ಇಷ್ಟ ಇದ್ದಿರಬೇಕಲ್ಲ?" ಅಂದರು ಪ್ರೇಮಾಬಾಯಿ.

ಅತ್ತಿಗೆಗೆ ಗೊತ್ತಿರಲಿಲ್ಲ. ಮದುವೆಯ ಹೊತ್ತಿಗೇ ಅಣ್ಣ ಕುಡಿಯುತ್ತಿದ್ದ. ಎಲ್ಲರೂ ನನ್ನ ಕಡೆ ನೋಡಿದರು.

"ಗಿಣ್ಣ" ಅಂದೆ.

ನಾವು ಹುಡುಗರಿದ್ದಾಗ ಮನೆಯಲ್ಲಿ ಒಂದು ಎಮ್ಮೆ ಇತ್ತು. ಅದು ಈದಾಗ ಅವ್ವ ಗಿಣ್ಣದ ಹಾಲಿಗೆ ಬೆಲ್ಲ, ಯಾಲಕ್ಕಿ ಹಾಕಿ ಹಬೆಯಲ್ಲಿ ಇಟ್ಟು ಗಟ್ಟಿ ಮಾಡಿದ್ದಳು. ಓಣಿಗೆಲ್ಲ ಹಂಚಬೇಕಿತ್ತು. ಈರಣ್ಣ ಪಾತ್ರೆಯನ್ನೇ ಎತ್ತಿಕೊಂಡು ಬಣವೆಯ ಹಿಂದೆ ಹೋಗಿ ಕೂತ. ಅಪ್ಪ ಕೋಲು ಹಿಡಿದು ಹುಡುಕಿಕೊಂಡು ಬಂದಾಗ, ಓಡಿಹೋಗುವ ಬದಲು ಇನ್ನೂ ಜೋರಾಗಿ ತಿಂದ. ಹೊಡೆತ ಹೇಗೂ ಬೀಳುತ್ತದೆ, ಗಿಣ್ಣ ಯಾಕೆ ಬಿಡಬೇಕು ಅಂತ. ಆಮೇಲೆ ನಾಗಲದಿನ್ನೆಯ ನಮ್ಮ ಅತ್ತೆಯ ಮನೆಯಲ್ಲಿ ಎಮ್ಮೆ ಈದಿದೆ ಅಂತ ಯಾರೋ ಅಂದದ್ದಕ್ಕೆ, ಯಾರಿಗೂ ಹೇಳದೆ ಅಷ್ಟು ದೂರ ಹೊರಟುಬಿಟ್ಟಿದ್ದ.

"ಇಷ್ಟು ವರ್ಷ ನನಗ ಹೇಳಿಲ್ಲ ನೋಡು ನೀನು" ಅಂದಳು ಅತ್ತಿಗೆ.

"ನೀನು ಕೇಳಲಿಲ್ಲ ಅತ್ತಿಗಿ."

ಮನೆಗೆ ಬಂದು ಹೇಳಿದರೆ ನಾಗಜ್ಯೋತಿ ಪೊರಕೆ ಕೆಳಗಿಟ್ಟು ನಿಂತಳು. "ಜುನ್ನಾ? ಅಷ್ಟೇನಾ? ಮಾವಯ್ಯಗೆ ಜುನ್ನು ಇಷ್ಟಮಾ?" ಅಂದವಳು ಆ ಕ್ಷಣವೇ ಫೋನು ಹಿಡಿದಳು. ತೆಲುಗಿನಲ್ಲಿ ಗಿಣ್ಣಕ್ಕೆ ಜುನ್ನು ಅನ್ನುತ್ತಾರೆ.

ಬೇಕಾದಾಗ ಗಿಣ್ಣ ಎಲ್ಲಿ ಸಿಗುತ್ತದೆ? ಎಮ್ಮೆ ಈದರೆ ಉಂಟು, ಇಲ್ಲವಾದರೆ ಇಲ್ಲ. ನಮ್ಮೂರಲ್ಲಿ ಈದ ಎಮ್ಮೆಗಳೆಲ್ಲ ಈಗಾಗಲೇ ಕರುಗಳನ್ನು ಕಟ್ಟಿಕೊಂಡು ನಿಂತಿದ್ದವು. ಆದೋನಿಯಲ್ಲಿ ಗಿಣ್ಣದ ಪುಡಿ ಸಿಗುತ್ತದೆ ಅಂತ ಸುಹಾಸಿನಿ ಅಂದಳು. ಪುಡಿಯ ಹೆಸರೆತ್ತಿದ್ದಕ್ಕೆ ಅವಳಿಗೆ ಅಜ್ಜಿಯಿಂದಲೂ ಬೈಗಳು, ಅಮ್ಮನಿಂದಲೂ ಬೈಗಳು. ಅತ್ತೆ ಸೊಸೆ ಒಂದೇ ಮಾತಾಡಿದ್ದನ್ನು ನಾನು ಬಹಳ ದಿನದ ಮೇಲೆ ಕೇಳಿದೆ. ಕೊನೆಗೆ ಮದ್ದಿಕೇರದಲ್ಲಿ ನಾಗಜ್ಯೋತಿಯ ಅಣ್ಣನ ಎಮ್ಮೆ ತುಂಬಿದ ಗಬ್ಬ ಅಂತ ಗೊತ್ತಾಯಿತು.

ಅಲ್ಲಿಂದ ದಿನಾ ಬೆಳಗಾದರೆ ಇದೇ. "ಅನ್ನಾ, ಎನುಮು ಈನಿಂದಾ?" ಎಮ್ಮೆ ಈಯಿತಾ ಅಂತ.

"ಇವತ್ತು ಹೆಂಗ ಐತಂತ? ಕೆಚ್ಚಲು ಬಿಗದೈತಂತೇನು?" ಒಲೆಯ ಮುಂದಿನಿಂದ ಅತ್ತಿಗೆಯ ಕೂಗು.

"ಮೇವು ಸರಿಯಾಗಿ ತಿಂತಿಲ್ಲಂತ ಅತ್ತಮ್ಮ."

"ಹಂಗಾದ್ರ ಹತ್ರ ಬಂದೈತಿ. ತಡಿ, ನಾನೇ ಮಾತಾಡ್ತೀನಿ."

"ಅಜ್ಜೀ, ಎಮ್ಮಿಗೇ ಫೋನ್ ಕೊಡಂತ ಕೇಳು" ಅನ್ನುತ್ತಿದ್ದಳು ಸುಹಾಸಿನಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ಓಡುತ್ತ.

ಸಂಜೆ ಆದೋನಿಯಿಂದ ಹರೀಶ ಫೋನು ಮಾಡುತ್ತಿದ್ದ. ಮೊದಲೆಲ್ಲ ಅವನ ಫೋನು ಬಂದರೆ ನಾಗಜ್ಯೋತಿ ಎತ್ತಿ ಮಗಳ ಕೈಗೆ ಕೊಡುತ್ತಿದ್ದಳು. ಈಗ ಎಮ್ಮೆಯ ವರದಿ ಒಪ್ಪಿಸಬೇಕಲ್ಲ, ಅವಳೇ ಮಾತಾಡಿದಳು. ಅಲ್ಲಿ ನಡುಮನೆಯಲ್ಲಿ ಶಿವ ಮತ್ತಿತರರೂ ಎಮ್ಮೆ ಈಯಿತಾ ಅಂತ ಕೇಳುತ್ತಾರೆ ಅಂತ ಹರೀಶ ಹೇಳಿದನಂತೆ. ಪ್ರೇಮಾಬಾಯಿ ಏಕಾದಶಿಯ ದಿನ ಎಮ್ಮೆಗಾಗಿ ದೇವರಿಗೆ ತುಪ್ಪದ ದೀಪ ಹಚ್ಚಿದರಂತೆ. ಮಾತು ಎಮ್ಮೆಯಿಂದ ಅಡುಗೆಗೆ, ಅಡುಗೆಯಿಂದ ಮಗಳ ಓದಿಗೆ ಹೋಗುತ್ತಿತ್ತು. ಒಂದು ದಿನ ನಾಗಜ್ಯೋತಿ ಫೋನಿನಲ್ಲಿ ನಕ್ಕಳು. ಅತ್ತಿಗೆ ಕೈಯಲ್ಲಿದ್ದ ಹಿಟ್ಟು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದಳು. ಅವತ್ತು ರೊಟ್ಟಿ ದಪ್ಪಗೆ ಬಂದವು.

ಅಮಾವಾಸ್ಯೆಯ ಹಿಂದಿನ ದಿನ ಎಮ್ಮೆ ಈಯಿತು. ಮರುದಿನ ಬೆಳಿಗ್ಗೆ ನಾಗಜ್ಯೋತಿಯ ಅಣ್ಣ ಮೋಟಾರು ಸೈಕಲ್ಲಿನಲ್ಲಿ ಕ್ಯಾನು ತಂದು ಕೊಟ್ಟು, ಅವನ ಮನೆಯ ಎಡೆಗೆ ಹೊತ್ತಾಗುತ್ತದೆ ಅಂತ ನಿಲ್ಲದೆ ಹೋದ. ಅತ್ತಿಗೆ, ಸೊಸೆ ಸೇರಿ ಗಿಣ್ಣ ಬೇಯಿಸಿದರು. ಬೆಲ್ಲ ಎಷ್ಟು ಅನ್ನುವುದಕ್ಕೆ ಸಣ್ಣದೊಂದು ಜಗಳ ಆಯಿತು.

ಹರೀಶ ಕೃಷ್ಣಕಾಂತನ ಜೊತೆ ಬಸ್ಸಿಳಿದು ಬಂದ. ಮೈ ತುಂಬಿಕೊಂಡಿದ್ದ. ಸ್ನಾನ ಮಾಡಿ ಅಪ್ಪನ ಫೋಟೋದ ಮುಂದೆ ಎಲೆ ಹಾಸಿ ಹೋಳಿಗೆ, ವಡೆ, ಅನ್ನ, ಬೀಡಿಕಟ್ಟು ಇಟ್ಟ. ನಡುವೆ ಗಿಣ್ಣದ ತಟ್ಟೆ. ಎಲ್ಲ ಸರಿಯಾಗಿತ್ತು. ಆಗ ಕೊಟ್ರಬಸಪ್ಪ ಬಂದ. ಕೈ ಕಾಲು ತೊಳೆದುಕೊಂಡು ಭಕ್ತಿಯಿಂದಲೇ ಒಳಗೆ ಬಂದವನು, ಜೇಬಿನಿಂದ ಸೀಸೆ ತೆಗೆದು, ಯಾರು ಏನು ಅನ್ನುವುದರೊಳಗೆ ಗ್ಲಾಸಿಗೆ ಬಗ್ಗಿಸಿ ಎಲೆಯ ಪಕ್ಕ ಇಟ್ಟುಬಿಟ್ಟ. ಕೋಣೆಯೆಲ್ಲ ಅದೇ ವಾಸನೆ.

"ಗಿಣ್ಣಾನೂ ತಿನ್ಲಿ, ಇದೂ ಇರ್ಲಿ. ಭಾವಗ ಎರಡೂ ಇಷ್ಟಲ್ಲ. ಕಡೀಗೆ ಅಳಿಯ ಒಂದು ಹನಿ ನಾಲಿಗಿಗೆ ಮುಟ್ಟಿಸಿಕ್ಯಂಡ್ರ ಮುಗೀತು. ಒಂದು ಹನಿಗೇನಾಗ್ತೈತಿ?"

ನಾಗಜ್ಯೋತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಗಂಡನ ಕೈಯನ್ನೇ ನೋಡುತ್ತಿದ್ದಳು.

ಹರೀಶ ಮೆಲ್ಲಗೆ ಎದ್ದ. "ಮಾಮಾ, ನನಗ ಆಸೆ ಆಗಾಕತ್ತೈತಿ. ಇಲ್ಲೇ ಕುಂತ್ರ ಕುಡೀತೀನಿ. ನಾ ಹೊರಗ ಹೋಗ್ತೀನಿ" ಅಂದ. ಅಷ್ಟೇ ಹೇಳಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಕೃಷ್ಣಕಾಂತ ಹಿಂದೆಯೇ ಹೋಗಿ ಪಕ್ಕದಲ್ಲಿ ಕೂತ.

ಎಡೆ ಅರ್ಧಕ್ಕೆ ನಿಂತಿತು. ಎಲ್ಲರೂ ಅತ್ತಿಗೆಯ ಕಡೆ ನೋಡಿದೆವು.

ಅತ್ತಿಗೆ ಗ್ಲಾಸು ನೋಡಿದಳು. ಬಾಗಿಲಿಂದ ಕಾಣುತ್ತಿದ್ದ ಮಗನ ಬೆನ್ನು ನೋಡಿದಳು. ಆಮೇಲೆ ಫೋಟೋದ ಮುಂದೆ ಹೋಗಿ ನಿಂತು, ಬದುಕಿದ್ದವನ ಜೊತೆ ಮಾತಾಡುವ ಹಾಗೆಯೇ ಮಾತಾಡಿದಳು.

"ನೋಡಿದೇನು? ಜೀವ ಇದ್ದಾಗೂ ನಿನ್ನ ಕುಡ್ತಕ್ಕ ಹೆದ್ರಿ ಅವ ಉಣ್ಣೂದು ಬಿಟ್ಟು ಹೊರಗ ಹೋಗಿ ಕುಂದರ್ತಿದ್ದ. ಈಗ್ಲೂ ಅಲ್ಲೇ ಕುಂತಾನ. ಇನ್ನೂ ಎಷ್ಟು ವರ್ಷ ಕುಂದ್ರಸ್ತಿ ಅವನ್ನ?"

ಗ್ಲಾಸು ಎತ್ತಿ ತಮ್ಮನ ಕೈಗೆ ಕೊಟ್ಟಳು.

"ಅಕ್ಕಾ, ಭಾವ ಅಳ್ತಾನ."

"ಅಳ್ಳಿ. ಇಲ್ಲಿ ಗಿಣ್ಣ ಐತಿ. ಸೆರೇನ ಬೇಕಂದ್ರ ನಿನ್ನ ಮನಿಗೆ ಬರ್ತಾನ, ಬಾಗ್ಲಾ ತಗದಿಟ್ಟು ಕಾಯಿ. ಹೋಗು, ಇದನ್ನ ಚೆಲ್ಲಿ, ಕೈ ತೊಳಕಂಡು ಊಟಕ್ಕ ಬಾ."

ಕೊಟ್ರಬಸಪ್ಪ ಗ್ಲಾಸು ಹಿಡಿದುಕೊಂಡು ಹಿತ್ತಲಿಗೆ ಹೋದ. ನಾಗಜ್ಯೋತಿ ಕಿಟಕಿಯೆಲ್ಲ ತೆರೆದು, ನೀರಲ್ಲಿ ನೆಲ ಒರೆಸಿ, ಊದುಬತ್ತಿ ಹಚ್ಚಿದಳು. ಆಮೇಲೆ ತಾನೇ ಹೊರಗೆ ಹೋಗಿ ಗಂಡನ ಮುಂದೆ ನಿಂತಳು. "ಬರ್ರಿ, ಎಡಿ ಮುಗಸ್ರಿ. ವಾಸನಿ ಹೋಗೈತಿ."

ಹರೀಶ ಬಂದು ಕರ್ಪೂರ ಬೆಳಗಿದ. ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂತೆವು. ಕೊಟ್ರಬಸಪ್ಪನೂ ಬಂದು ಕಟ್ಟೆಯ ಇನ್ನೊಂದು ತುದಿಯಲ್ಲಿ ಮುಖ ಊದಿಸಿಕೊಂಡು ಕೂತ. ಬಾಗಿಲು ತೆಗೆದಾಗ ಗಿಣ್ಣದ ಒಂದು ಮೂಲೆ ಕುಸಿದಿತ್ತು.

"ತಿಂದಾರ" ಅಂದಳು ಅತ್ತಿಗೆ.

"ಅಜ್ಜೀ, ಕಿಟಕಿ ತಗದೈತಿ. ಬೆಕ್ಕು ಬಂದಿತ್ತೇನೋ" ಅಂದಳು ಸುಹಾಸಿನಿ.

"ಬಾಯಿ ಮುಚ್ಚಿಕ್ಯಂಡು ಎಲಿ ಹಾಕು."

ಹರೀಶ ಆ ಕುಸಿದ ಮೂಲೆಯಿಂದಲೇ ಒಂದು ಚೂರು ಎತ್ತಿ ಬಾಯಿಗೆ ಹಾಕಿಕೊಂಡ. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಂಡೆವು. ಕೊಟ್ರಬಸಪ್ಪ ಗಿಣ್ಣವನ್ನು ಎರಡನೇ ಸಲ ಹಾಕಿಸಿಕೊಳ್ಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಮೂರನೇ ಸಲ, "ಬೆಲ್ಲ ಒಂದೀಟು ಕಮ್ಮಿ" ಅಂದ. ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿದರು.

ಹೊತ್ತು ಇಳಿಯುವ ಮುಂಚೆ ಅವರನ್ನು ಬಸ್ಸು ಹತ್ತಿಸಲು ಎಲ್ಲರೂ ಹೋದೆವು. ನಿಲ್ದಾಣದಲ್ಲಿ ಓಣಿಯ ಲಿಂಗಕ್ಕ ಸಿಕ್ಕಳು. "ಏನಬೇ ಶಾಂತಕ್ಕ, ಮಗ ಬಂದಾನ, ಇವತ್ತೊಂದಿನ ಇಟ್ಟಕೊಳ್ಳಲ್ಲೇನು?"

"ಇಲ್ಲಬೇ. ಅವ ಇನ್ನೂ ಅಲ್ಲಿ ಇರಬೇಕು. ನಾನೇ ಕಳಸಾಕತ್ತೀನಿ" ಅಂದಳು ಅತ್ತಿಗೆ. ದನಿ ತಗ್ಗಿಸದೆ, ನಾಲ್ಕು ಜನಕ್ಕೆ ಕೇಳುವ ಹಾಗೆ.

ಹರೀಶ ಕಿಟಕಿಯ ಹತ್ತಿರ ಕೂತ. ಅತ್ತಿಗೆ ಸರಳು ಹಿಡಿದು ನಿಂತಳು. "ಹೋದ ಕೂಡ್ಲೇ ಅಮ್ಮಾರಿಗೆ ಹೇಳು, ಎಡಿ ಚೆಂದ ಆತು ಅಂತ. ನಿಮ್ಮಪ್ಪ ಗಿಣ್ಣ ತಿಂದ ಅಂತ ಹೇಳು."

"ಅಪ್ಪ ತಿಂದ ಅಂತ ಹೇಳ್ಲೋ, ಬೆಕ್ಕು ತಿಂತು ಅಂತ ಹೇಳ್ಲೋ? ಅಲ್ಲಿ ಸುಳ್ಳು ಹೇಳಂಗಿಲ್ಲ ನೋಡವ್ವ."

ಅತ್ತಿಗೆ ಸರಳಿನೊಳಗಿಂದ ಕೈ ಹಾಕಿ ಮಗನ ತಲೆಗೆ ಒಂದು ಕೊಟ್ಟಳು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು, ನಾಗಜ್ಯೋತಿಯೂ ನಕ್ಕಳು. ಬಸ್ಸು ಆದೋನಿಯ ಕಡೆ ಹೊರಟಿತು.